ದೆಹಲಿಯಲ್ಲಿ ಮೂರು ದಿನ: ಬಸ್ಸು ಒಂದು ದಿನ, ಕಾರು ಒಂದು ದಿನ, ಮೆಟ್ರೊ ಒಂದು ದಿನ

ಕುತುಬ್ ಮಿನಾರನ್ನು ನಾವು ಎರಡು ಸಲ ನೋಡಿದೆವು. ಶನಿವಾರ 40 ನಿಮಿಷ, ಸೋಮವಾರ ಎರಡೂವರೆ ಗಂಟೆ. ಅದೇ ಗೋಪುರ, ಅದೇ ಗಂಡ, ಅದೇ ಮಂಡಿನೋವು. ಬೇರೆಯಾಗಿದ್ದು ಅಲ್ಲಿಗೆ ಹೋದ ಗಾಡಿ ಮಾತ್ರ.

ಇವರ ಎಲ್‌ಟಿಸಿ, ಅಂದರೆ ನೌಕರರಿಗೆ ಸಿಗುವ ಪ್ರವಾಸ ಸೌಲಭ್ಯದ ಅವಧಿ ಮುಗಿಯುತ್ತಾ ಬಂದಿತ್ತು. ಫೆಬ್ರವರಿಯಲ್ಲಿ ಹೇಗೋ ಶನಿವಾರ, ಭಾನುವಾರಕ್ಕೆ ಸೋಮವಾರ ಸೇರಿಸಿ ಹೊರಟೆವು. ಶುಕ್ರವಾರ ಮೈಸೂರಿನಿಂದ ವಿಮಾನ ನಿಲ್ದಾಣಕ್ಕೆ ಫ್ಲೈಬಸ್, ಬೆಂಗಳೂರಿನಿಂದ ರಾತ್ರಿ ವಿಮಾನ, ಉಳಿಯಲು ಕರೋಲ್ ಬಾಗ್‌ನಲ್ಲಿ ಹೋಟೆಲು. ಸೋಮವಾರ ರಾತ್ರಿ ವಾಪಸ್ಸು. ಬಸ್ಸು, ಕಾರು, ಮೆಟ್ರೊ ಮೂರನ್ನೂ ಪರೀಕ್ಷೆ ಮಾಡಬೇಕು ಅಂತ ಹೋದವರಲ್ಲ ನಾವು. ಬಸ್ಸು ಬೇಜಾರು ತರಿಸಿತು ಅಂತ ಕಾರು ಹಿಡಿದೆವು. ಕಾರು ಜೇಬು ಖಾಲಿ ಮಾಡಿತು ಅಂತ ಮೆಟ್ರೊ ಹತ್ತಿದೆವು. ಅಷ್ಟೇ.

ಟೂರ್ ಬಸ್ಸನ್ನು ಊರಿನಿಂದಲೇ ಬುಕ್ ಮಾಡಿದ್ದೆವು. ತಲೆಗೆ 600 ರೂಪಾಯಿ, ಒಂದೇ ದಿನದಲ್ಲಿ ಒಂಬತ್ತು ಜಾಗ. ಎಂಟೂವರೆಗೆ ಹತ್ತಿ ಕೂತೆವು. ಹತ್ತೂಕಾಲಿನವರೆಗೂ ಅದು ಹೋಟೆಲಿನಿಂದ ಹೋಟೆಲಿಗೆ ಜನರನ್ನು ತುಂಬಿಕೊಳ್ಳುತ್ತಲೇ ಇತ್ತು. ಮೈಸೂರಿನವಳು ನಾನು. ಬೆಳಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಅರಮನೆ, ಝೂ, ಸಂಜೆಗೆ ಕೆಆರ್‌ಎಸ್ ಅಂತ ಬಸ್ಸಿನವರು ಜನರನ್ನು ಓಡಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅರಮನೆ ಮುಂದೆ ಏದುಸಿರು ಬಿಡುತ್ತಾ ಓಡುವವರನ್ನು ಕಂಡು ನಕ್ಕಿದ್ದೂ ಉಂಟು. ಈಗ ಓಡುವ ಸರದಿ ನಮ್ಮದು.

ಕುತುಬ್‌ನಲ್ಲಿ ಗೈಡ್ 40 ನಿಮಿಷ ಅಂದ. ಅದರಲ್ಲಿ ಟಿಕೆಟ್ಟು, ತಪಾಸಣೆಗೇ ಹದಿನೈದು ಹೋಯಿತು. ಉಳಿದದ್ದರಲ್ಲಿ ಗೋಪುರದ ಎತ್ತರ 73 ಮೀಟರ್ ಅಂತ ಕೇಳಿಸಿಕೊಂಡು, ಕತ್ತೆತ್ತಿ ನೋಡಿ, ಫೋಟೊ ತೆಗೆಸಿಕೊಂಡು ಬಂದೆವು. ಕಮಲ ಮಂದಿರದಲ್ಲಿ ಒಳಗೆ ಹೋಗುವ ಕ್ಯೂ ನೋಡಿಯೇ ಗೈಡ್ ಕೈ ಆಡಿಸಿಬಿಟ್ಟ. ಹೊರಗಿನಿಂದ ಎಸಳು ಎಣಿಸಿದ್ದಾಯಿತು. ಒಟ್ಟು 27 ಇವೆಯಂತೆ, ನನಗೆ ಹನ್ನೊಂದಕ್ಕಿಂತ ಮುಂದೆ ಲೆಕ್ಕ ಸಿಗಲಿಲ್ಲ. ರಾಷ್ಟ್ರಪತಿ ಭವನ 'ನಿಮ್ಮ ಎಡಗಡೆ' ಬಂತು, ಹೋಯಿತು. ಇಂಡಿಯಾ ಗೇಟ್‌ಗೆ 20 ನಿಮಿಷ. ಕೆಂಪುಕೋಟೆ ಕಿಟಕಿಯಿಂದ.

ಆದರೆ ಒಂದು ಕಡೆ ಮಾತ್ರ ಯಾರಿಗೂ ಅವಸರ ಇರಲಿಲ್ಲ. ಊಟವಾದ ಮೇಲೆ ಕರಕುಶಲ ವಸ್ತುಗಳ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಪೂರ್ತಿ 50 ನಿಮಿಷ. ಕುತುಬ್‌ಗಿಂತ ಹತ್ತು ನಿಮಿಷ ಜಾಸ್ತಿ! 'ನೋಡಿ ಅಷ್ಟೇ ಮೇಡಂ, ತಗೋಬೇಡಿ' ಅಂದರು. ನಾನು 900 ಕೊಟ್ಟು ಒಂದು ಚೀಲ ತಗೊಂಡೆ. ಎರಡು ದಿನದ ಮೇಲೆ ಚಾಂದನಿ ಚೌಕದಲ್ಲಿ ಅಂಥದ್ದೇ ಚೀಲ 350ಕ್ಕೆ ಸಿಗುತ್ತಿತ್ತು. ಇವರು ಅದನ್ನು ಇವತ್ತಿಗೂ ಮರೆತಿಲ್ಲ.

ಬಸ್ಸನ್ನು ಪೂರ್ತಿ ಬೈಯಲಾರೆ. ಹಿಂದಿನ ಸೀಟಿನಲ್ಲಿ ಹುಬ್ಬಳ್ಳಿಯ ದಂಪತಿ ಸಿಕ್ಕರು, ಚಪಾತಿ ಜೊತೆ ಶೇಂಗಾ ಚಟ್ನಿಪುಡಿ ಸಿಕ್ಕಿತು. ಮುಂದೆ ಎಲ್ಲಿಗೆ, ಎಷ್ಟು ಹೊತ್ತಿಗೆ ಅನ್ನುವ ಚಿಂತೆ ಇರಲಿಲ್ಲ. ಇನ್ನೊಂದು ಅನುಕೂಲ, ಆ ದಿನ ನಾವಿಬ್ಬರೂ ಜಗಳವಾಡಲೇ ಇಲ್ಲ. ಬೈಯಲು ಗೈಡ್ ಇದ್ದನಲ್ಲ.

ಭಾನುವಾರ ಕಾರು. ಹೋಟೆಲಿನವರೇ ಗೊತ್ತು ಮಾಡಿಕೊಟ್ಟರು. 8 ಗಂಟೆ, 80 ಕಿಲೋಮೀಟರ್ ಲೆಕ್ಕ, 2,400 ರೂಪಾಯಿ, ಪಾರ್ಕಿಂಗ್ ಬೇರೆ. ಮನೆ ಮುಂದಿನಿಂದ ಹೊರಟ ಹಾಗೆ ಒಂಬತ್ತಕ್ಕೆ ಹೊರಟೆವು. ಒಂಬತ್ತೂವರೆಗೆಲ್ಲ ಹುಮಾಯೂನನ ಸಮಾಧಿಯ ಬಾಗಿಲಲ್ಲಿದ್ದೆವು. ಇದು ಬಸ್ಸಿನ ಪಟ್ಟಿಯಲ್ಲಿ ಇರಲೇ ಇಲ್ಲ, ನೋಡಿ. ನಾಲ್ಕು ಭಾಗವಾಗಿ ಕೊಯ್ದಂತಿರುವ ತೋಟ, ನಡುವೆ ಸಣ್ಣ ನೀರಿನ ಕಾಲುವೆಗಳು, ಕೆಂಪು ಕಲ್ಲಿನ ಮೇಲೆ ಬಿಳಿ ಅಮೃತಶಿಲೆಯ ಗುಮ್ಮಟ. ಇದನ್ನು ಕಟ್ಟಿಸಿದ್ದು ಅವನ ಹೆಂಡತಿ ಬೇಗಾ ಬೇಗಂ. 1570ರ ಸುಮಾರಿಗೆ ಮುಗಿದದ್ದು, ಅಂದರೆ ತಾಜ್ ಮಹಲಿಗಿಂತ ಎಷ್ಟೋ ಮೊದಲು. ಗಂಡ ಹೆಂಡತಿಗೆ ಕಟ್ಟಿಸಿದ್ದನ್ನು ನೋಡಲು ಜನ ಆಗ್ರಾಕ್ಕೆ ಮುಗಿಬೀಳುತ್ತಾರೆ. ಹೆಂಡತಿ ಗಂಡನಿಗೆ ಕಟ್ಟಿಸಿದ್ದು ಇಲ್ಲಿ ತಣ್ಣಗೆ ಕೂತಿದೆ. ಇದನ್ನು ಇವರಿಗೆ ಹೇಳಿದೆ. 'ಹೌದಲ್ವಾ' ಅಂದು ಫೋಟೊ ತೆಗೆಯಲು ಆ ಕಡೆ ಹೋದರು.

ಅಲ್ಲಿಂದ ಗಾಂಧಿ ಸ್ಮೃತಿ. ಗಾಂಧೀಜಿ ಕೊನೆಯ ದಿನಗಳನ್ನು ಕಳೆದ ಮನೆ. 1948ರ ಜನವರಿ 30ರ ಸಂಜೆ ಕೋಣೆಯಿಂದ ಪ್ರಾರ್ಥನೆಗೆ ಅವರು ನಡೆದ ದಾರಿಯಲ್ಲಿ ಕಲ್ಲಿನ ಹೆಜ್ಜೆಗಳನ್ನು ಇಟ್ಟಿದ್ದಾರೆ. ಆ ಹೆಜ್ಜೆಗಳ ಪಕ್ಕ ನಾವೂ ನಡೆದೆವು. ಅವು ಒಂದು ಕಡೆ ನಿಂತುಬಿಡುತ್ತವೆ. ಅಲ್ಲಿ ನಾವು ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ಕಾರಿನ ನಿಜವಾದ ಬೆಲೆ ನನಗೆ ತಿಳಿದದ್ದು ಅಲ್ಲಿ. 'ಚಲೋ ಚಲೋ' ಅನ್ನುವವರು ಯಾರೂ ಇರಲಿಲ್ಲ.

ಹಾಗಂತ ಕಾರಿಗೆ ಗಡಿಯಾರವೇ ಇಲ್ಲ ಅಂತಲ್ಲ. ಆಂಧ್ರ ಭವನದ ಕ್ಯಾಂಟೀನಿನಲ್ಲಿ ಊಟಕ್ಕೆ ಭಾನುವಾರದ ದೊಡ್ಡ ಕ್ಯೂ. ನಮ್ಮ ಪಾಳಿ ಬರುವಷ್ಟರಲ್ಲಿ ಎಂಟು ಗಂಟೆಯ ಲೆಕ್ಕ ತಲೆಯಲ್ಲಿ ಟಿಕ್‌ಟಿಕ್ ಅನ್ನುತ್ತಿತ್ತು. ಸಂಜೆ ಇಂಡಿಯಾ ಗೇಟ್ ಹತ್ತಿರ ಇನ್ನೂ ಕಷ್ಟ. ದೂರದಲ್ಲೆಲ್ಲೋ ಇಳಿಸಿ ಹೋದರು. ವಾಪಸ್ ಬರುವಾಗ ಡ್ರೈವರ್ ಎಲ್ಲಿದ್ದಾರೆ ಅಂತ ನಮಗೆ ಗೊತ್ತಿಲ್ಲ, ನಾವೆಲ್ಲಿದ್ದೇವೆ ಅಂತ ಅವರಿಗೆ ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಮಧ್ಯಮಾ ಅನ್ನುವ ಹಿಂದಿ ಪರೀಕ್ಷೆ ಪಾಸಾದ ನನ್ನ ಹಿಂದಿ ಫೋನಿನಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಒಂದೇ ಗಾಡಿ ಹುಡುಕಲು ಅರ್ಧ ಗಂಟೆ. ಆ ಅರ್ಧ ಗಂಟೆಗೂ ಎಕ್ಸ್‌ಟ್ರಾ ಕೊಟ್ಟೆವು. ಎಲ್ಲ ಸೇರಿ 3,100.

ಆದರೆ ಆ ಸಂಜೆಗೆ ನಾನು ಇನ್ನೊಂದು ಸಾವಿರ ಕೊಡಲೂ ಸಿದ್ಧ. ಇಂಡಿಯಾ ಗೇಟ್ ಹಿಂದಿನ ಛತ್ರಿಯ ಕೆಳಗೆ ನೇತಾಜಿಯ ಪ್ರತಿಮೆ ಇದೆ. 28 ಅಡಿ, ಕಪ್ಪು ಗ್ರಾನೈಟ್. ಕೆತ್ತಿದ್ದು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಹಿಂದಿನ ದಿನ ಬಸ್ಸಿನ 20 ನಿಮಿಷದಲ್ಲಿ ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಈ ಸಲ ಪಕ್ಕದಲ್ಲಿ ನಿಂತಿದ್ದ ಅಪರಿಚಿತರಿಗೆಲ್ಲ 'ನಮ್ಮ ಊರಿನವರು ಮಾಡಿದ್ದು' ಅಂತ ನನ್ನ ಮಧ್ಯಮಾ ಹಿಂದಿಯಲ್ಲೇ ಹೇಳಿದೆ. ಅದರ ಆಚೆಗೆ ರಾಷ್ಟ್ರೀಯ ಸಮರ ಸ್ಮಾರಕ, 2019ರಲ್ಲಿ ಆದದ್ದು. ಸುತ್ತು ಗೋಡೆಗಳ ಮೇಲೆ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು. ಇವರು ಗೌಡ, ಪಾಟೀಲ ಅಂತ ನಮ್ಮ ಕಡೆಯ ಹೆಸರು ಹುಡುಕುತ್ತಾ ಕತ್ತಲಾಗುವವರೆಗೂ ನಡೆದರು.

ಸೋಮವಾರ ಮೆಟ್ರೊ. ಇಲ್ಲೇ ನಮ್ಮ ದೊಡ್ಡ ಎಡವಟ್ಟು. ಕೆಂಪುಕೋಟೆಯನ್ನು 'ಕೊನೆಯ ದಿನ ನಿಧಾನವಾಗಿ ನೋಡೋಣ' ಅಂತ ಎತ್ತಿಟ್ಟಿದ್ದರು ಇವರು. ಕೆಂಪುಕೋಟೆಗೆ ಸೋಮವಾರ ರಜೆ. ಕಮಲ ಮಂದಿರಕ್ಕೂ ರಜೆ, ಅಕ್ಷರಧಾಮಕ್ಕೂ ರಜೆ, ಗಾಂಧಿ ಸ್ಮೃತಿಗೂ ರಜೆ. ಮುಚ್ಚಿದ ಬಾಗಿಲಿನ ಮುಂದೆ ನಿಂತ ಮೇಲೆ ನಮಗಿದು ಗೊತ್ತಾಯಿತು.

ಅಲ್ಲಿಗೆ ತಲುಪುವ ಮೊದಲೇ ಇನ್ನೊಂದು ಪ್ರಸಂಗ ಆಗಿತ್ತು. ಕರೋಲ್ ಬಾಗ್‌ನಿಂದ ನೀಲಿ ಲೈನು, ರಾಜೀವ್ ಚೌಕದಲ್ಲಿ ಇಳಿದು ಹಳದಿ ಲೈನು. ಆಫೀಸಿನ ಹೊತ್ತಿನ ರಾಜೀವ್ ಚೌಕ ಅಂದರೆ ದಸರಾ ಜಂಬೂಸವಾರಿ ದಿನದ ಸಯ್ಯಾಜಿರಾವ್ ರಸ್ತೆಯೇ. ಮೊದಲ ಬೋಗಿ ಹೆಂಗಸರಿಗೆ. ನಾನು ಆರಾಮಾಗಿ ಹತ್ತಿದೆ. ಇವರು ಪಕ್ಕದ ಬೋಗಿಗೆ ಓಡುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನ ಆಚೆ ಇವರ ಮುಖ, ಕೈಯಲ್ಲಿ ನೀರಿನ ಬಾಟಲಿ. ಮದುವೆಯಾಗಿ 26 ವರ್ಷದಲ್ಲಿ ಅಷ್ಟು ಗಾಬರಿಯಾಗಿ ನೋಡಿದ್ದಿಲ್ಲ. ನಾನು ಚಾಂದನಿ ಚೌಕದಲ್ಲಿ ಇಳಿದು ಬೆಂಚಿನ ಮೇಲೆ ಕೂತೆ. ನಾಲ್ಕೇ ನಿಮಿಷಕ್ಕೆ ಮುಂದಿನ ಗಾಡಿಯಲ್ಲಿ ಬಂದರು. 'ಎಲ್ಲೇ ಹೋಗಿದ್ದೆ?' ಅಂತ ನನ್ನನ್ನೇ ಕೇಳಿದರು! 'ನಾನು ಸರಿಯಾಗೇ ಬಂದೆ ರೀ, ನೀವೇ ಉಳ್ಕೊಂಡಿದ್ದು' ಅಂದೆ. ಕಳೆದುಹೋಗಿದ್ದು ಯಾರು ಅನ್ನುವುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಕೋಟೆ ಮುಚ್ಚಿದ್ದರಿಂದ ಚಾಂದನಿ ಚೌಕ ಸಿಕ್ಕಿತು. ಕೋಟೆಯಿಂದ ಫತೇಪುರಿ ಮಸೀದಿಯವರೆಗೆ ಹಗಲು ಹೊತ್ತು ಮೋಟಾರು ಗಾಡಿ ಬಿಡುವುದಿಲ್ಲ. ನಿನ್ನೆಯ ಕಾರು ಇದ್ದಿದ್ದರೂ ಇಲ್ಲಿ ಪ್ರಯೋಜನವಿರಲಿಲ್ಲ. ಕೋಟೆಗೆ ಎದುರಾಗಿ ಜೈನರ ಲಾಲ್ ಮಂದಿರ, ಸ್ವಲ್ಪ ಮುಂದೆ ಸೀಸ್‌ಗಂಜ್ ಗುರುದ್ವಾರ, ಪಕ್ಕದ ಸಂದಿಯಲ್ಲಿ ತುಪ್ಪದಲ್ಲಿ ಕರಿದ ಪರಾಠ. ತವಾ ಮೇಲೆ ಬೇಯಿಸಿದ್ದು ಅಂದುಕೊಂಡಿದ್ದೆ, ಅಲ್ಲ, ಪೂರಿ ಥರ ಕರಿಯುತ್ತಾರೆ. ಒಂದು ತಿಂದರೆ ಸಾಕು, ಇವರು ಮೂರು ತಿಂದರು.

ಆಮೇಲೆ ಅದೇ ಹಳದಿ ಲೈನು, ಎಲ್ಲೂ ಬದಲಾಯಿಸದೆ ಕುತುಬ್ ಮಿನಾರ್ ಸ್ಟೇಷನ್ನಿಗೆ. ಹೆಸರು ನೋಡಿ ಎದುರಿಗೇ ಗೋಪುರ ಇರುತ್ತದೆ ಅಂದುಕೊಳ್ಳಬೇಡಿ. ಅಲ್ಲಿಂದ ಇನ್ನೂ ಒಂದೂವರೆ ಕಿಲೋಮೀಟರ್ ಮೇಲಿದೆ, ಆಟೊ ಬೇಕು.

ಮತ್ತೆ ಕುತುಬ್ ಯಾಕೆ ಅಂದರೆ ಮಾವನವರಿಗಾಗಿ. ಅವರು ಎಪ್ಪತ್ತರ ದಶಕದಲ್ಲಿ ದೆಹಲಿಗೆ ಬಂದಾಗ ಗೋಪುರದ ಒಳಗೆ ಮೆಟ್ಟಿಲು ಹತ್ತಿದ್ದರಂತೆ. ತಾವೂ ಹತ್ತಬೇಕು ಅಂತ ಇವರಿಗೆ ಆಸೆ. ಶನಿವಾರ ಕೇಳಲೂ ಹೊತ್ತಿರಲಿಲ್ಲ. 1981ರ ಡಿಸೆಂಬರಿನಲ್ಲಿ ಒಳಗೆ ನೂಕುನುಗ್ಗಲಾಗಿ 45 ಜನ ಸತ್ತರು, ಹೆಚ್ಚಿನವರು ಶಾಲೆ ಮಕ್ಕಳು. ಆವತ್ತಿನಿಂದ ಆ ಬಾಗಿಲು ಮುಚ್ಚಿದೆ. ಇವರು ಅದರ ಮುಂದೆ ನಿಂತು ಮಾವನವರಿಗೆ ವಿಡಿಯೊ ಕಾಲ್ ಮಾಡಿದರು. 'ಅದೇ ಬಾಗಿಲು ಕಣೋ' ಅಂದರು ಅವರು.

ಆ ದಿನ ಕಂಡದ್ದು ಶನಿವಾರ ಒಂದೂ ಕಂಡಿರಲಿಲ್ಲ. ಮೊದಲ ಮೂರು ಅಂತಸ್ತು ಕೆಂಪು ಕಲ್ಲು, ಮೇಲಿನ ಎರಡರಲ್ಲಿ ಅಮೃತಶಿಲೆ ಸೇರಿದೆ. ಸಿಡಿಲು ಬಡಿದ ಮೇಲೆ ಫಿರೋಜ್ ಷಾ ತುಘಲಕ್ ಕಟ್ಟಿಸಿದ್ದು ಅದು. ಪಕ್ಕದ ಮಸೀದಿಯ ಕಂಬಗಳಲ್ಲಿ ಗಂಟೆ, ಸರಪಳಿ, ಕಳಶ. 27 ದೇವಸ್ಥಾನಗಳ ಕಲ್ಲು ಬಳಸಿದೆವು ಅಂತ ಅಲ್ಲಿನ ಶಾಸನವೇ ಹೇಳುತ್ತದೆ. ಅಂಗಳದಲ್ಲಿ ಗುಪ್ತರ ಕಾಲದ ಕಬ್ಬಿಣದ ಕಂಬ, 7 ಮೀಟರ್ ಎತ್ತರ, 6 ಟನ್ ಮೇಲೆ ತೂಕ. ಸಾವಿರದ ಆರುನೂರು ವರ್ಷ ಬಿಸಿಲು ಮಳೆ ಕಂಡರೂ ತುಕ್ಕು ಹಿಡಿದಂತೆ ಇಲ್ಲ. ನಮ್ಮ ಗೇಟಿಗೆ ಪ್ರತಿ ವರ್ಷ ಬಣ್ಣ ಹೊಡೆಸಬೇಕು. ಇನ್ನು ಅಲಾಯಿ ಮಿನಾರ್. ಕುತುಬ್‌ನ ಎರಡರಷ್ಟು ಎತ್ತರ ಕಟ್ಟುತ್ತೇನೆ ಅಂತ ಅಲಾವುದ್ದೀನ್ ಖಿಲ್ಜಿ ಶುರು ಮಾಡಿದ್ದು. ಅವನು ಸತ್ತ ಮೇಲೆ ಮೊದಲ ಅಂತಸ್ತಿಗೇ ನಿಂತುಹೋಗಿದೆ. ಅದರ ಬುಡದಲ್ಲಿ ಗಿಳಿಗಳ ಗದ್ದಲ ಕೇಳುತ್ತಾ ಮಧ್ಯಾಹ್ನ ಕಳೆಯಿತು.

ಇವರಿಗೆ ಲೆಕ್ಕ ಬರೆಯುವ ಚಟ. ವಿಮಾನದಲ್ಲಿ ಕೂತು ತೋರಿಸಿದರು. ಬಸ್ಸಿನ ದಿನ ಹತ್ತು ಗಂಟೆಯಲ್ಲಿ ನೆಲದ ಮೇಲೆ ಇದ್ದದ್ದು ಮೂರೂವರೆ ಗಂಟೆ, ಅಂಗಡಿಯೂ ಸೇರಿ. ಕಾರಿನ ದಿನ ಒಂಬತ್ತೂವರೆಯಲ್ಲಿ ಆರು ಗಂಟೆ. ಮೆಟ್ರೊ ದಿನ ಒಂಬತ್ತರಲ್ಲಿ ಆರೂವರೆ. ಖರ್ಚು ಬಸ್ಸಿಗೆ 1,200, ಕಾರಿಗೆ 3,100. ಮೆಟ್ರೊ ದಿನ ಆಟೊ, ರಿಕ್ಷಾ ಎಲ್ಲ ಸೇರಿ ಇಬ್ಬರಿಗೂ 600 ದಾಟಲಿಲ್ಲ. ಹಾಗಾಗಿ ಮೆಟ್ರೊನೇ ಗೆದ್ದಿತು ಅಂತ ಗೆರೆ ಎಳೆದರು. ಅವರ ಲೆಕ್ಕದಲ್ಲಿ ನನ್ನ ಮಂಡಿ ಇರಲಿಲ್ಲ. ಆ ದಿನ ಫೋನು 19 ಸಾವಿರ ಹೆಜ್ಜೆ ತೋರಿಸಿತ್ತು. ಪ್ರತಿ ಸ್ಟೇಷನ್ನಿನಲ್ಲೂ ಚೀಲ ಮೆಷಿನ್ನಿಗೆ ಹಾಕಬೇಕು, ಲೈನು ಬದಲಿಸಲು ಮೆಟ್ಟಿಲು ಇಳಿದು ಹತ್ತಬೇಕು.

ಹಳೇ ದೆಹಲಿಗೆ, ಕುತುಬ್‌ಗೆ ಮೆಟ್ರೊ. ಹುಮಾಯೂನನ ಸಮಾಧಿ, ಗಾಂಧಿ ಸ್ಮೃತಿ ಕಡೆಗೆ ಕಾರು. ಇಂಡಿಯಾ ಗೇಟ್‌ನಲ್ಲಿ ಕಾರು ಕಳಿಸಿಬಿಟ್ಟು, ವಾಪಸ್ಸಿಗೆ ಆಟೊ ಹಿಡಿಯಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಬಸ್ಸು ಕೈಯಲ್ಲಿ ಒಂದೇ ದಿನ ಇರುವವರಿಗೆ. ಚೀಲ ಮಾತ್ರ ತಗೋಬೇಡಿ.

ಮುಂದಿನ ಸಲ ಮಾವನವರನ್ನೂ ಕರೆದುಕೊಂಡು ಹೋಗೋಣ ಅನ್ನುತ್ತಿದ್ದಾರೆ ಇವರು. ಎರಡು ದಿನವೂ ಕಾರೇ ಅಂತ ನಾನು. ಒಂದು ಹೊತ್ತಾದರೂ ಮೆಟ್ರೊ ಹತ್ತಿಸೋಣ ಅಂತ ಇವರು. ಕೆಂಪುಕೋಟೆಯ ಒಳಗೆ ಇನ್ನೂ ಕಾಲಿಟ್ಟಿಲ್ಲ. ಮಂಗಳವಾರ ಹೊರಡುವುದು ಅಂತ ಮಾತ್ರ ಇಬ್ಬರೂ ಒಪ್ಪಿದ್ದೇವೆ.