ಗೀಸರ್ ಎರಡ್ಸಲ ಸುಟ್ಟ ಮೇಲೆ ಹಾಕಿಸಿದ ಸಾಫ್ಟ್ನರ್: ಹಾಸನದ ಬೋರ್ ನೀರಲ್ಲಿ ಒಂದು ವರ್ಷ

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಸಾಫ್ಟ್ನರ್ ಅಂದ್ರೆ ಗಡಸು ನೀರನ್ನ ಮೆತ್ತಗೆ ಮಾಡೋ ಮಿಷಿನ್ನು, ಅದಕ್ಕೆ ನಾಲ್ಕು ಕೊಡ್ಬೋದಿತ್ತು, ಅರ್ಧ ಕಟ್ ಮಾಡಿದ್ದು ಅದನ್ನ ಮಾರೋಕೆ ಬಂದವರು ಹೇಳಿದ ಸುಳ್ಳಿಗೆ.

ನಮ್ಮನೆ ಇರೋದು ಸಾಲಗಾಮೆ ರೋಡ್ ಕಡೆ ಒಂದು ಹೊಸ ಲೇಔಟಲ್ಲಿ. ಹೇಮಾವತಿ ನೀರು ವಾರಕ್ಕೆ ಎರಡ್ಸಲ ಬಂದ್ರೆ ಪುಣ್ಯ, ಬಂದಾಗ ಕುಡಿಯೋಕೆ ಅಡಿಗೆಗೆ ಅಂತ ಹಿಡಿದಿಟ್ಕೋತೀವಿ, ಮಿಕ್ಕಿದ್ದಕ್ಕೆಲ್ಲ ಬೋರ್ ನೀರೇ. ನಮ್ಮ ಬೋರು ನಾನೂರು ಅಡಿ ದಾಟಿದೆ, ನೀರೇನೋ ಚೆನ್ನಾಗಿ ಬರುತ್ತೆ, ಕಣ್ಣಿಗೆ ತಿಳಿಯಾಗೂ ಇರುತ್ತೆ, ಆದ್ರೆ ಮನೆಗೆ ಬಂದು ಎರಡು ವರ್ಷದೊಳಗೆ ಗೀಸರ್ ಕಾಯಿಲ್ ಎರಡ್ಸಲ ಹೋಯ್ತು. ಎರಡನೇ ಸಲ ಪ್ಲಂಬರ್ ಹುಡುಗ ಕಾಯಿಲ್ ಹೊರಗೆ ತೆಗೆದು ನೆಲಕ್ಕೆ ಕುಟ್ಟಿದ, ಅದರ ಮೇಲಿಂದ ಬೆರಳು ದಪ್ಪದ ಬಿಳಿ ಚಕ್ಕೆ ಚಕ್ಕೆ ಉದುರಿತು, ಒಂದು ಮೊರದ ತುಂಬ ಆಯ್ತು ಅಂದ್ರೆ ನಂಬಿ. ಅವ್ವ ಅದನ್ನ ಕೈಲಿ ಪುಡಿ ಮಾಡಿ ನೋಡಿ, 'ಇದು ಗೋಡೆಗೆ ಬಳಿಯೋ ಸುಣ್ಣ ಕಣ್ಲಾ ಮಗ, ಇದನ್ನ ನಾವು ಮೈಗೆ ಹುಯ್ಕೊತಿದ್ದೀವಿ' ಅಂದ್ರು. ಹೆಚ್ಚೂ ಕಮ್ಮಿ ಸರಿನೇ ಹೇಳಿದ್ರು. ಬಂಡೆ ಸಂದಿಲಿ ವರ್ಷಗಟ್ಲೆ ನಿಂತ ನೀರು ಕ್ಯಾಲ್ಸಿಯಂ ಮೆಗ್ನೀಸಿಯಂ ಕರಗಿಸ್ಕೊಂಡಿರುತ್ತೆ, ಕಾಯಿಸಿದಾಗ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕಾಯಿಲ್ಲಿಗೆ ಅಂಟ್ಕೊಳ್ಳುತ್ತೆ.

ಆಮೇಲೆ ಒಂದೊಂದಾಗಿ ಕಣ್ಣಿಗೆ ಬೀಳೋಕೆ ಶುರುವಾಯ್ತು. ಶವರ್ ತೂತು ಅರ್ಧ ಮುಚ್ಚಿವೆ, ಸ್ಟೀಲ್ ಕೊಳಾಯಿ ಬುಡದಲ್ಲಿ ಬಿಳಿ ಉಂಗುರ, ಬಕೆಟ್ಟಿಗೆ ಕೆಂಪು ಕರೆ, ಬಟ್ಟೆ ಒಣಗಿದ್ರೆ ಹಪ್ಪಳದ ಥರ. ಸಕಲೇಶಪುರದಲ್ಲಿರೋ ಅಕ್ಕನ ಮನೆಗೆ ಹೋದ್ರೆ ಚೂರು ಸೋಪಿಗೆ ನೊರೆಯೋ ನೊರೆ, ನಮ್ಮನೇಲಿ ಎಷ್ಟು ಉಜ್ಜಿದ್ರೂ ಮೈ ಮೇಲೆ ಮೊಸರು ಒಡೆದಂಗೆ ಆಗೋದು. ಒಣ ಅವರೆಕಾಳನ್ನ ಬೋರ್ ನೀರಲ್ಲಿ ಬೇಯಿಸೋಕೆ ಹೋಗಿ ಅವ್ವ ಎಷ್ಟು ಸಲ ಬೈಕೊಂಡಿದ್ದಾರೋ, ಕುಕ್ಕರ್ ಎಂಟು ವಿಷಲ್ ಕೂಗಿದ್ರೂ ಕಾಳು ಗೋಲಿ ಥರ.

ಸರಿ, ಇನ್ನು ಮನೆಗೆಲ್ಲ ಒಂದೇ ಫಿಲ್ಟರ್ ಹಾಕಿಸ್ಬಿಡೋಣ ಅಂತ ವಿಚಾರಿಸೋಕೆ ಶುರು ಮಾಡಿದೆ. ಮೊದಲು ಬಂದವನು ಟೈ ಕಟ್ಕೊಂಡು ಬಂದಿದ್ದ. ಎರಡು ಗ್ಲಾಸ್ ಇಟ್ಟ, ಒಂದರಲ್ಲಿ ನಮ್ಮ ಬೋರ್ ನೀರು, ಇನ್ನೊಂದರಲ್ಲಿ ಅವನೇ ತಂದಿದ್ದ, ಖನಿಜ ಸೋಸಿ ತೆಗೆದ ಆರ್‌ಓ ನೀರು, ಎರಡಕ್ಕೂ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟ. ಒಂದೇ ನಿಮಿಷದಲ್ಲಿ ನಮ್ಮ ಗ್ಲಾಸು ಕೊಚ್ಚೆ ಬಣ್ಣಕ್ಕೆ ತಿರುಗಿ ಮೇಲೆ ಕೆನೆ ಥರ ಗಸಿ ತೇಲೋಕೆ ಶುರು. 'ನೋಡಿ ಸಾರ್, ಮಕ್ಕಳಿಗೆ ಇದನ್ನೇ ಕೊಡ್ತಿದ್ದೀರಿ' ಅಂದ. ನಮ್ಮನೆಯವಳು ಗಾಬರಿ ಬಿದ್ದು ಅವತ್ತೇ ಅಡ್ವಾನ್ಸ್ ಕೊಡಿ ಅಂತ ಕೂತ್ಲು. ಆ ಗಸಿ ನೀರಿಂದು ಅಲ್ಲ ಸ್ವಾಮಿ, ಕಡ್ಡೀದು. ಕಬ್ಬಿಣದ ಕಡ್ಡಿ, ನೀರಲ್ಲಿ ಖನಿಜ ಇದ್ರೆ ಕರೆಂಟ್ ಹರಿಯುತ್ತೆ, ಕಡ್ಡಿ ಕರಗಿ ತುಕ್ಕಾಗುತ್ತೆ, ಆರ್‌ಓ ನೀರಲ್ಲಿ ಕರೆಂಟೇ ಸರಿಯಾಗಿ ಹರಿಯಲ್ಲ ಅದಕ್ಕೆ ಅದು ತಿಳಿಯಾಗೇ ಇರುತ್ತೆ. ಆ ಗ್ಲಾಸಿಗೆ ಒಂದು ಚಿಟಿಕೆ ಉಪ್ಪು ಹಾಕಿದ್ರೆ ಅದೂ ಕೊಚ್ಚೆ ಆಗುತ್ತೆ. ನಾನು ಉಪ್ಪು ತರ್ತೀನಿ ಇರಿ ಅಂದೆ, ಅವನು ಕಡ್ಡಿ ಒರೆಸಿ ಬ್ಯಾಗಿಗೆ ಹಾಕ್ಕೊಂಡ.

ಇಷ್ಟು ಬುದ್ಧಿವಂತ ಆದ ನಾನೇ ಮುಂದಿನ ತಿಂಗಳು ಒಂಬತ್ತು ಸಾವಿರ ಕೊಟ್ಟು ಪೈಪಿಗೆ ಕ್ಲಾಂಪ್ ಹಾಕೋ ಎಲೆಕ್ಟ್ರಾನಿಕ್ ಡಬ್ಬಿ ತಗೊಂಡೆ. ಉಪ್ಪು ಬೇಡ, ಮೇಂಟೆನೆನ್ಸ್ ಬೇಡ, ಲೈಟ್ ಮಿಣುಕ್ತಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ ಅಂದಿದ್ರು. ಲೈಟೇನೋ ಇವತ್ತಿಗೂ ಮಿಣುಕ್ತಿದೆ. ಇಂಥ ಡಬ್ಬಿಗಳು ನೀರಿಂದ ಕ್ಯಾಲ್ಸಿಯಂ ತೆಗೆಯೋದೇ ಇಲ್ಲ, ಹಾಕೋ ಮುಂಚೆ ಎಷ್ಟಿತ್ತೋ ಹಾಕಿದ ಮೇಲೂ ಅಷ್ಟೇ, ಆರು ತಿಂಗಳಿಗೆ ಶವರ್ ಮತ್ತೆ ಮುಚ್ಕೊಂತು.

ಆಮೇಲೆ ಮಾಡಿದ ಕೆಲಸಾನ ಮೊದಲೇ ಮಾಡ್ಬೇಕಿತ್ತು. ಒಂದು ಲೀಟರ್ ಬಾಟ್ಲಿಲಿ ನೀರು ಹಿಡಿದು ಲ್ಯಾಬಿಗೆ ಕೊಟ್ಟೆ. ಒಟ್ಟು ಗಡಸುತನ, ಅಂದ್ರೆ ಆ ಕ್ಯಾಲ್ಸಿಯಂ ಮೆಗ್ನೀಸಿಯಂ ಲೆಕ್ಕ, ಲೀಟರಿಗೆ 560 ಮಿಲಿಗ್ರಾಂ, ಟಿಡಿಎಸ್ (ಕರಗಿರೋದೆಲ್ಲ ಸೇರಿ) 840, ಕಬ್ಬಿಣ 0.6. ಕುಡಿಯೋ ನೀರಿಗೆ ಬಿಐಎಸ್ (ಕೇಂದ್ರ ಸರ್ಕಾರದ ಗುಣಮಟ್ಟ ಸಂಸ್ಥೆ) ಹಾಕಿರೋ ಲೆಕ್ಕದಲ್ಲಿ ಗಡಸುತನ 200 ಇದ್ರೆ ಒಳ್ಳೇದು, ಬೇರೆ ನೀರು ಸಿಗದೇ ಇದ್ರೆ 600ರ ತನಕ ಪರವಾಗಿಲ್ಲ. ಅಂದ್ರೆ ಗಡಸುತನದ ಮಟ್ಟಿಗೆ ನಮ್ಮ ನೀರು ವಿಷ ಗಿಷ ಏನಲ್ಲ, ಗೀಸರ್ರಿಗೆ, ಸೋಪಿಗೆ ಶತ್ರು ಅಷ್ಟೇ. ಈ ವಿಷಯ ನಮ್ಮನೆಯವಳಿಗೆ ಅರ್ಥ ಮಾಡಿಸಿದ ಮೇಲೆ ಮನೇಲಿ ಶಾಂತಿ. ಜೊತೆಗೆ ಹನಿ ಹಾಕಿ ಟೆಸ್ಟ್ ಮಾಡೋ ಒಂದು ಸಣ್ಣ ಕಿಟ್ ತರಿಸ್ಕೊಂಡೆ, ಈ ಇಡೀ ಕಥೇಲಿ ದುಡ್ಡಿಗೆ ಮೋಸ ಇಲ್ಲದ ವಸ್ತು ಅಂದ್ರೆ ಅದೇ. ಚಿಕ್ಕ ಬಾಟ್ಲಿಗೆ ನೀರು, ಅದಕ್ಕೆ ಚೂರು ಪುಡಿ, ನೀರು ದ್ರಾಕ್ಷಿ ರಸದಂಗೆ ಕೆಂಪಾಗುತ್ತೆ, ಆಮೇಲೆ ಇನ್ನೊಂದು ದ್ರಾವಣ ಹನಿ ಹನಿಯಾಗಿ ಎಣಿಸ್ತಾ ಬಿಟ್ಟು ಅಲ್ಲಾಡಿಸ್ತಾ ಹೋಗ್ಬೇಕು. ನೀಲಿ ಆಗೋಕೆ ಎಷ್ಟು ಹನಿ ಬೇಕಾಯ್ತೋ ಅದೇ ಲೆಕ್ಕ, ನನ್ನ ಕಿಟ್ಟಲ್ಲಿ ಒಂದು ಹನಿ ಅಂದ್ರೆ 25 ಗಡಸುತನ. ಬೋರ್ ನೀರಿಗೆ ಇಪ್ಪತ್ತು ಹನಿ ಆದ್ರೂ ಕೆಂಪೇ, ಇಪ್ಪತ್ತೊಂದಕ್ಕೆ ನೇರಳೆ, ಇಪ್ಪತ್ಮೂರಕ್ಕೆ ಪಟ್ ಅಂತ ನೀಲಿ. ಹೇಮಾವತಿ ನೀರಿಗೆ ಎರಡೇ ಹನಿ! ಮೂಡಿಗೆರೆ ಕಡೆ ಬೆಟ್ಟದಿಂದ ಇಳಿದು ಬರೋ ಮಳೆ ನೀರಿನ ಹೊಳೆ ಅದು, ಬಂಡೆಯೊಳಗೆ ಕೂತು ಸುಣ್ಣ ಹೀರೋಕೆ ಅದಕ್ಕೆ ಪುರುಸೊತ್ತೆಲ್ಲಿ.

ಈಗ ಸಾಫ್ಟ್ನರ್ ವಿಷಯ. ಒಳಗಿರೋದು ರೆಸಿನ್ ಅನ್ನೋ ಸಣ್ಣ ಕಂದು ಬಣ್ಣದ ಮಣಿಗಳು, ಸಾಸಿವೆಗಿಂತ ಚಿಕ್ಕವು. ನೀರು ಹಾದು ಹೋಗುವಾಗ ಅವು ಕ್ಯಾಲ್ಸಿಯಂ ಹಿಡ್ಕೊಂಡು ಸೋಡಿಯಂ ಬಿಡ್ತವೆ, ಹಿಡಿಯೋಕೆ ಜಾಗ ಮುಗಿದಾಗ ಉಪ್ಪು ನೀರು ಕುಡಿಸಿದ್ರೆ ಎಲ್ಲ ಕಕ್ಕಿ ಮತ್ತೆ ಹೊಸದಾಗ್ತವೆ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತೆ ಅಂತ ಇಟ್ಕೊಳಿ. ನಂದು 25 ಲೀಟರ್, ಅಂದ್ರೆ 1250 ಗ್ರಾಂ, ನಮ್ಮ ನೀರಲ್ಲಿ ಲೀಟರಿಗೆ ಅರ್ಧ ಗ್ರಾಂಗೂ ಜಾಸ್ತಿ, ಹಂಗಾಗಿ ಒಂದು ಸಲ ಉಪ್ಪು ಕೊಟ್ರೆ 2200 ಲೀಟರ್ ಚಿಲ್ಲರೆ. ನಮ್ಮ ಐದು ಜನಕ್ಕೆ ಸ್ನಾನ, ಬಟ್ಟೆ, ಪಾತ್ರೆ ಸೇರಿ ದಿನಕ್ಕೆ 450 ಲೀಟರ್, ಐದು ದಿನಕ್ಕೊಂದ್ಸಲ ರೀಜನರೇಷನ್, ಅಂದ್ರೆ ಈ ಉಪ್ಪು ನೀರು ಕುಡಿಸೋ ಕೆಲಸ. ಈ ಲೆಕ್ಕ ಕಾಗದದ ಮೇಲೆ ಹಾಕಿ ತೋರಿಸದವನ ಹತ್ರ ಮಿಷಿನ್ ತಗೋಬೇಡಿ. 'ಮೂರು ಬೆಡ್‌ರೂಮಿಗೆ ಈ ಮಾಡೆಲ್ ಸಾರ್' ಅಂತಾರೆ, ನೀರು ಎಷ್ಟು ಗಡಸು ಅಂತ ಕೇಳೋದೇ ಇಲ್ಲ. ಬೆಡ್‌ರೂಮ್ ಸ್ನಾನ ಮಾಡುತ್ತಾ?

ನಾನು ಎಡವ್ತಿದ್ದ ಇನ್ನೊಂದು ಜಾಗ ಅಂದ್ರೆ ಪ್ರೆಷರ್. ರೀಜನರೇಷನ್ ತಾನೇ ಮಾಡ್ಕೊಳ್ಳೋ ಆಟೋಮ್ಯಾಟಿಕ್ ವಾಲ್ವ್ ಇರೋದನ್ನ ಟೆರೇಸ್ ಮೇಲೆ ಟ್ಯಾಂಕ್ ಕೆಳಗೆ ಇಡೋಣ ಅಂದಿದ್ರು ಒಬ್ರು. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಪ್ರೆಷರ್, ನಮ್ಮ ಟ್ಯಾಂಕ್ ಸ್ಟ್ಯಾಂಡ್ ಇರೋದು ಮೂರಡಿ, ಆ ಒತ್ತಡದಲ್ಲಿ ವಾಲ್ವು ಉಪ್ಪು ನೀರು ಎಳ್ಕೊಳ್ಳೋದಿರ್ಲಿ, ಶವರಲ್ಲಿ ನೀರೇ ಬರಲ್ಲ. ಸಂಪಿನ ಪಂಪಿಗೂ ಟ್ಯಾಂಕಿಗೂ ಮಧ್ಯೆ ಇಟ್ರೆ ಪ್ರೆಷರ್ ಸಿಗುತ್ತೆ, ಆದ್ರೆ ಆಟೋಮ್ಯಾಟಿಕ್ಕು ರಾತ್ರಿ ಎರಡು ಗಂಟೆಗೆ ಎದ್ದು ನೀರು ಬಾ ಅಂದ್ರೆ ಪಂಪು ಆಫ್ ಆಗಿರುತ್ತೆ. ಇದಕ್ಕೆ ಬೇರೆ ಪ್ರೆಷರ್ ಪಂಪ್ ಹಾಕ್ಬೇಕು, ಇಲ್ಲಾ ಕೈಯಲ್ಲಿ ತಿರುಗಿಸೋ ವಾಲ್ವ್ ತಗೊಂಡು ನಾವೇ ನಿಂತು ಮಾಡ್ಬೇಕು. ನಾನು ಕೈ ವಾಲ್ವೇ ತಗೊಂಡೆ, ಕೆಡೋಕೆ ಅದರಲ್ಲಿ ಸರ್ಕ್ಯೂಟ್ ಬೋರ್ಡ್ ಇಲ್ಲ.

ಕೊನೆಗೆ ಕೂರಿಸಿದ್ದು ಹಿಂಗೆ. ಬೋರ್ ನೀರು ಸಂಪಿಗೆ ಮೇಲಿಂದ ತೂತು ಪೈಪಲ್ಲಿ ಮಳೆ ಥರ ಬೀಳುತ್ತೆ, ಗಾಳಿ ತಗುಲಿ ಕಬ್ಬಿಣ ತುಕ್ಕಾಗುತ್ತೆ, ಪಂಪಾದ ಮೇಲೆ ಮರಳು ಮತ್ತೆ ಕಬ್ಬಿಣ ತೆಗೆಯೋ ಮೀಡಿಯಾ ಇರೋ ಒಂದು ಫಿಲ್ಟರ್, ಅದಾದ ಮೇಲೆ ನಾಕಡಿ ಎತ್ತರದ ಸಾಫ್ಟ್ನರ್. ಈ ಕ್ರಮ ತಪ್ಪಿದ್ರೆ ಕಬ್ಬಿಣ ಹೋಗಿ ರೆಸಿನ್ ಮೇಲೆ ಕೂರುತ್ತೆ, ಆಮೇಲೆ ಎಷ್ಟು ಉಪ್ಪು ಸುರಿದ್ರೂ ಅಷ್ಟಕ್ಕಷ್ಟೇ. ಕಾರ್ಬನ್ ಫಿಲ್ಟರ್ ಬಿಟ್ಟೆ, ಅದು ಕ್ಲೋರಿನ್ ಮತ್ತೆ ವಾಸನೆಗೆ, ನಮ್ಮ ಬೋರಲ್ಲಿ ಎರಡೂ ಇಲ್ಲ. ಟೆರೇಸಲ್ಲಿ ಎರಡು ಟ್ಯಾಂಕ್, ಒಂದು ಮೆತ್ತನೆ ನೀರಿಗೆ, ಇನ್ನೊಂದು ಸಾದಾ ಬೋರ್ ನೀರಿಗೆ, ಅದು ಫ್ಲಶ್‌ಗೆ, ಗಿಡಕ್ಕೆ, ಗಾಡಿ ತೊಳೆಯೋಕೆ. ಸಾಫ್ಟ್ನರ್ 32 ಸಾವಿರ, ಫಿಲ್ಟರ್ 18, ಪ್ಲಂಬಿಂಗ್ 11, ಒಟ್ಟು 61 ಸಾವಿರ. ಟೈ ಕಟ್ಕೊಂಡು ಬಂದಿದ್ದವನ ಕೊಟೇಷನ್ ಒಂದು ಲಕ್ಷ ನಲವತ್ತು ಸಾವಿರ ಇತ್ತು.

ಹಾಕಿಸಿದ ವಾರಕ್ಕೆ ಪಕ್ಕದ್ಮನೆ ರಿಟೈರ್ಡ್ ಮೇಷ್ಟ್ರು ಟಿಡಿಎಸ್ ಮೀಟರ್ ಹಿಡ್ಕೊಂಡು ಬಂದ್ರು. ಅದ್ದಿದ್ರು, 850 ತೋರಿಸ್ತು. 'ಏನಯ್ಯಾ, ಮುಂಚೆಗಿಂತ ಹತ್ತು ಜಾಸ್ತಿನೇ ಆಗಿದೆಯಲ್ಲ, ನಿಂಗೆ ಚೆನ್ನಾಗಿ ಟೋಪಿ ಹಾಕವ್ರೆ' ಅಂತ ನಕ್ರು. ನಾನು ಮಾತಾಡ್ಲಿಲ್ಲ, ಕಿಟ್ ತಂದೆ, ಪುಡಿ ಹಾಕಿದೆ, ಒಂದೇ ಹನಿಗೆ ನೀಲಿ. ಮೇಷ್ಟ್ರು ಕನ್ನಡಕ ಸರಿ ಮಾಡ್ಕೊಂಡು ಇನ್ನೊಂದ್ಸಲ ಮಾಡು ಅಂದ್ರು, ಮತ್ತೆ ನೀಲಿ. ಸಾಫ್ಟ್ನರ್ ಟಿಡಿಎಸ್ ಇಳಿಸಲ್ಲ, ಒಂದನ್ನ ತೆಗೆದು ಇನ್ನೊಂದನ್ನ ಹಾಕುತ್ತೆ ಅಷ್ಟೇ, ಮೀಟರಿಗೆ ಎರಡೂ ಒಂದೇ.

ಹಂಗೆ ಹಾಕೋ ಸೋಡಿಯಂ ಬಗ್ಗೆ ಮಾರೋರು ಬಾಯೇ ಬಿಡಲ್ಲ. ನೂರು ಗಡಸುತನ ತೆಗೆದ್ರೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತೆ, ನಮ್ಮ ನೀರಿಗೆ ಅದು ಲೀಟರಿಗೆ 250ರ ಆಸುಪಾಸು. ಅವ್ವಂಗೆ ಬಿಪಿ ಇದೆ, ಹಂಗಾಗಿ ಈ ನೀರನ್ನ ಕುಡಿಯೋಕೂ ಅಡಿಗೆಗೂ ಬಳಸಲ್ಲ, ಅದಕ್ಕೆ ಹೊಳೆ ನೀರೇ, ಯುವಿ ಫಿಲ್ಟರ್ ಹಾಕಿ. ನಿಮ್ಮಲ್ಲಿ ಈ ಮೆತ್ತನೆ ಮಾಡಿದ ಬೋರ್ ನೀರು ಬಿಟ್ಟು ಬೇರೆ ಗತಿ ಇಲ್ಲ ಅಂದ್ರೆ ಕುಡಿಯೋ ನಲ್ಲಿಗೆ ಆರ್‌ಓ ಬೇಕೇ ಬೇಕು, ಅದು ಸೋಡಿಯಂನೂ ತೆಗೆಯುತ್ತೆ, ಮೆತ್ತನೆ ನೀರು ಹೋದ್ರೆ ಅದರೊಳಗೆ ನೀರು ಸೋಸೋ ಮೆಂಬ್ರೇನಿಗೂ ಆಯಸ್ಸು.

ಒಂದು ವರ್ಷ ಆದ್ಮೇಲೆ ಹೇಗಿದೆ ಅಂದ್ರೆ, ಸೋಪು ತಿಂಗಳಿಗೆ ಎಂಟು ಬೇಕಿತ್ತು, ಈಗ ನಾಲ್ಕು ಸಾಕು. ಕಾಯಿಲ್ ಮೊನ್ನೆ ಬಿಚ್ಚಿಸಿ ನೋಡಿದೆ, ಸಣ್ಣ ಬೂದಿ ಸವರಿದಂಗೆ ಇದೆ ಬಿಟ್ರೆ ಚಕ್ಕೆ ಇಲ್ಲ. ಮಗಳ ಕೂದಲು ಉದುರೋದು ನಿಂತಿಲ್ಲ, ಅದನ್ನ ನಂಬ್ಕೊಂಡು ಹಾಕಿಸ್ಬೇಡಿ, ಆದ್ರೆ ತಲೆ ಬಾಚೋಕೆ ಸಲೀಸು ಅಂತಾಳೆ. ಮೊದಮೊದಲು ಸ್ನಾನ ಮಾಡಿದ್ರೆ ಸೋಪು ಹೋಗೇ ಇಲ್ವೇನೋ ಅನ್ನೋ ಹಂಗೆ ಮೈ ಜಾರೋದು, ಅವ್ವ ಮೂರ್ನಾಲ್ಕು ಚೊಂಬು ಜಾಸ್ತಿನೇ ಹುಯ್ಕೊಳೋರು. ಸಾಫ್ಟ್ನರ್ ಒಳಗೆ ಹೋಗದೆ ನೀರು ದಾಟೋ ಬೈಪಾಸ್ ಚೂರು ತೆರೆದು ಗಡಸು ನೀರನ್ನ ಸ್ವಲ್ಪ ಬೆರೆಸಿದ ಮೇಲೆ ಸರಿಹೋಯ್ತು, ಈಗ ಮೂರು ಹನಿಗೆ ನೀಲಿ ಬರೋ ಹಂಗೆ ಇಟ್ಟಿದ್ದೀನಿ.

ಕಾಟ ಏನು ಅಂದ್ರೆ ಉಪ್ಪು. ಒಂದು ಸಲಕ್ಕೆ ನಾಲ್ಕು ಕೆಜಿ ಹತ್ರ, ತಿಂಗಳಿಗೆ 22-23 ಕೆಜಿ. ದುಡ್ಡು ಉಳಿಸೋಕೆ ಅಂತ ಸಂತೆಯಿಂದ ಕಲ್ಲುಪ್ಪು ಮೂಟೆ ತಂದು ಹಾಕಿದೆ, ಅದರ ಮಣ್ಣೆಲ್ಲ ತೊಟ್ಟಿ ತಳಕ್ಕೆ ಇಳಿದು ಉಪ್ಪು ನೀರು ಎಳೆಯೋ ಸಣ್ಣ ತೂತು ಕಟ್ಕೊಂತು, ಹದಿನೈದು ದಿನ ಗೊತ್ತೇ ಆಗಿಲ್ಲ, ನೀರು ಮತ್ತೆ ಇಪ್ಪತ್ಮೂರು ಹನಿ. ಸಾಫ್ಟ್ನರಿಗೆ ಅಂತಲೇ ಸಿಗೋ ಶುದ್ಧ ಉಪ್ಪೇ ಹಾಕಿ. ಇನ್ನೊಂದು, ರೀಜನರೇಷನ್ನಲ್ಲಿ ಸುಮಾರು 200 ಲೀಟರ್ ಉಪ್ಪು ನೀರು ಹೊರಗೆ ಹೋಗುತ್ತೆ, ಅದನ್ನ ವೇಸ್ಟ್ ಯಾಕೆ ಅಂತ ಹಿತ್ತಲ ಬಾಳೆ ಬುಡಕ್ಕೆ ಬಿಟ್ಟಿದ್ದೆ. ಎರಡು ತಿಂಗಳಿಗೆ ಎಲೆ ಅಂಚೆಲ್ಲ ಬೆಂಕಿ ತಗುಲಿದಂಗೆ ಸುಟ್ಟೋಯ್ತು. ಏಲಕ್ಕಿ ಬಾಳೆ, ಗೊನೆ ಬಿಡೋ ಹೊತ್ತಲ್ಲಿ. ಅವ್ವ ಇವತ್ತಿಗೂ ಅದನ್ನ ಎತ್ತಾಡ್ತಾರೆ. ಈಗ ನೇರ ಚರಂಡಿಗೆ, ಮನಸ್ಸಿಗೆ ಸಮಾಧಾನ ಇಲ್ಲ, ಬೇರೆ ದಾರಿನೂ ಕಾಣ್ಲಿಲ್ಲ.

ಇದು ಫ್ರಿಜ್ ತಂದಂಗಲ್ಲ, ಹಸು ಕಟ್ಟಿದಂಗೆ. ಐದು ದಿನಕ್ಕೊಂದ್ಸಲ ಒಂದೂಕಾಲು ಗಂಟೆ ನಿಂತು ನೀರು ಉಲ್ಟಾ ಹರಿಸೋ ಬ್ಯಾಕ್‌ವಾಶ್, ಉಪ್ಪು ಎಳೆಸೋದು, ತೊಳೆಸೋದು, ಅದರ ಮಧ್ಯೆ ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ಊರಿಗೆ ಹೋದಾಗ ಹೇಳಿ ಹೋದ್ರೂ ಮನೇಲಿ ಯಾರೂ ಮುಟ್ಟಲ್ಲ.

ಚಿಕ್ಕಮಗಳೂರಿನ ನನ್ನ ಭಾಮೈದ ಇದನ್ನೆಲ್ಲ ನೋಡಿ ತಾನೂ ಹಾಕಿಸ್ತೀನಿ ಅಂತ ಕೂತಿದ್ದ, ಅವನಿಗೆ ದಿನಾ ಬರೋದು ನಗರಸಭೆ ನಲ್ಲಿ ನೀರು. ಭಾವ, ನಿಮ್ಮಷ್ಟೇ ಸೈಜಿಂದು ಸಾಕಾ ಅಂತ ಫೋನ್ ಮಾಡಿದ್ದ. ಹೋದ ವಾರ ಹೋದಾಗ ಕಿಟ್ ಜೇಬಲ್ಲೇ ಇತ್ತು, ಅವನ ಅಡಿಗೆಮನೆ ನಲ್ಲಿಗೆ ಹಿಡಿದೆ, ಮೂರು ಹನಿ. ಸುಮ್ನೆ ಕಾಫಿ ಕುಡಿದು ಬಂದೆ, ಅವನು ಆ ದುಡ್ಡಲ್ಲಿ ಇನ್ನೊಂದು ಸಂಪು ತೆಗೆಸ್ತಿದ್ದಾನಂತೆ.