ಸೊಂಟದ ಬಲ ಅಳೆಯುವ ಕೈ ಡೈನಮೊಮೀಟರ್: ಒಂದು ಋತುವಿನ ಬಳಕೆಯ ನಂತರ

ನಮ್ಮ ಮಹಿಳಾ ಫುಟ್‌ಬಾಲ್ ತಂಡದ ಆಟಗಾರ್ತಿಯರ ಸೊಂಟದ ಬಲವನ್ನು ನ್ಯೂಟನ್‌ಗಳಲ್ಲಿ ಅಳೆಯಲು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಈ ಡೈನಮೊಮೀಟರನ್ನು ಇಡೀ ಋತು ಬಳಸಿದ್ದೇನೆ. ಮೊಣಕಾಲುಗಳ ನಡುವೆ ಇದನ್ನಿಟ್ಟು 5 ಸೆಕೆಂಡು ಬಲವಾಗಿ ಒತ್ತಿಸಿದರೆ ಒಳತೊಡೆಯ ಸ್ನಾಯುಗಳ ಬಲ ತಕ್ಷಣ ಪರದೆಯ ಮೇಲೆ ಕಾಣುತ್ತದೆ. ಆದರೆ ಸೊಂಟದ ಹೊರಬದಿಯ ಸ್ನಾಯುಗಳನ್ನು ಅಳೆಯುವಾಗ ಪರೀಕ್ಷಿಸುವವರ ಕೈ ಸ್ವಲ್ಪ ಸಡಿಲಾದರೂ ಅಂಕಿ ತಪ್ಪುವುದರಿಂದ, ಉಪಕರಣವನ್ನು ಪಟ್ಟಿಯಿಂದ ಬಿಗಿದೇ ಅಳೆಯಬೇಕು. ಆ ಪಟ್ಟಿಯನ್ನು ಜೊತೆಗೆ ಕೊಡದಿರುವುದು ದೊಡ್ಡ ಕೊರತೆ. ಇದರ ಆ್ಯಪ್, ಅಭ್ಯಾಸದ ನಿಮಿಷಗಳನ್ನು ಆಟಗಾರ್ತಿ ಹತ್ತಕ್ಕೆ ಕೊಟ್ಟ ಶ್ರಮದ ಅಂಕದಿಂದ ಗುಣಿಸಿ (90 ನಿಮಿಷಕ್ಕೆ 7 ಅಂಕವಾದರೆ 630) ದಿನದ ಹೊರೆಯನ್ನು ದಾಖಲಿಸುತ್ತದೆ. ಹೊರೆ ಏರಿದ ಒಂದು ವಾರ ನಮ್ಮ ಎಡಬದಿಯ ವಿಂಗರ್ ಹುಡುಗಿಯ ಒತ್ತುಬಲ ಕುಸಿದದ್ದನ್ನು ಕಂಡು, ಆಕೆ ನೋವೆನ್ನುವ ಮೊದಲೇ ಓಟ ತಗ್ಗಿಸಿದೆವು. ಇದನ್ನು ಕೊಂಡದ್ದು ಸಾರ್ಥಕವೆನಿಸಿದ್ದು ಆಗಲೇ.