ಕಾಳುಮೆಣಸು ಕೊಯ್ಯಲು ಯಾವ ಏಣಿ? ಮೂರನ್ನೂ ಹತ್ತಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಬೇಕಾದದ್ದು ಒಂಟಿ ಬಿದಿರಿನ ಏಣಿ. 11,000 ರೂಪಾಯಿ ಕೊಟ್ಟು ಅಲ್ಯೂಮಿನಿಯಂ ಏಣಿ ತಂದೆ. ಎರಡು ಸೀಸನ್ ಅದರ ಜೊತೆ ಗುದ್ದಾಡಿದೆ. ನಡುವೆ ಸ್ನೇಹಿತರ ತೋಟದಿಂದ ಫೈಬರ್ ಏಣಿಯನ್ನೂ ನಾಲ್ಕು ದಿನ ತಂದು ನೋಡಿದೆ. ಆಮೇಲೆ ಹೇಳುತ್ತಿರುವ ಮಾತು ಇದು.

ನಮ್ಮದು ಕೊಡಗಿನ ಅಮ್ಮತ್ತಿ ಕಡೆ ಮೂರೂವರೆ ಎಕರೆ. ಕೆಳಗೆ ರೊಬಸ್ಟಾ ಕಾಫಿ, ಮೇಲೆ ಸಿಲ್ವರ್ ಓಕ್ ಮರ, ಮರಕ್ಕೆ ಪಣಿಯೂರು-1 ತಳಿಯ ಮೆಣಸಿನ ಬಳ್ಳಿ. ಅರ್ಧ ತೋಟ ಇಳಿಜಾರು. ಏಣಿ ಹತ್ತುವವನು ಹೆಚ್ಚಾಗಿ ನಾನೇ, ಜೊತೆಗೆ ಇಬ್ಬರು ಕೆಲಸದವರು. ಮೆಣಸು ಎಲ್ಲ ಒಂದೇ ಸಲ ಹಣ್ಣಾಗುವುದಿಲ್ಲ, ತೆನೆಯಲ್ಲಿ ಒಂದೆರಡು ಕಾಳು ಕೆಂಪಾದ ಮೇಲೆ ಕೊಯ್ಯಬೇಕು. ಹಾಗಾಗಿ ಒಂದೇ ಮರಕ್ಕೆ ಸೀಸನ್ನಿನಲ್ಲಿ ಎರಡು ಸಲವಾದರೂ ಏಣಿ ಇಡಬೇಕಾಗುತ್ತದೆ. ಏಣಿ ಸರಿಯಿಲ್ಲದಿದ್ದರೆ ಆ ತೊಂದರೆಯೂ ಅಷ್ಟು ಸಲ ಅನುಭವಿಸಬೇಕು.

ಅಲ್ಯೂಮಿನಿಯಂ ಏಣಿಯ ಒಳ್ಳೆಯ ಗುಣಗಳು ಎಲ್ಲರಿಗೂ ಗೊತ್ತು. ತುಕ್ಕು ಹಿಡಿಯುವುದಿಲ್ಲ, ಕುಟ್ಟೆ ಹುಳ ಹಿಡಿಯುವುದಿಲ್ಲ, ಮಡಚಿ ಜೀಪಿನ ಮೇಲೆ ಹಾಕಬಹುದು. ಅಂಗಡಿಯವರು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ತೋರಿಸಿದಾಗ ಒಂದು ಚೂರೂ ಅಲುಗಲಿಲ್ಲ. ತೊಂದರೆ ಶುರುವಾಗಿದ್ದು ತೋಟಕ್ಕೆ ತಂದ ಮೇಲೆ.

ಆ ಏಣಿಗೆ ಎರಡು ಕಾಲು. ನಮ್ಮ ತೋಟದ ನೆಲದಲ್ಲಿ ಎರಡು ಕಾಲಿಗೆ ಒಂದೇ ಮಟ್ಟ ಸಿಗುವ ಜಾಗ ನೂರು ಮರದಲ್ಲಿ ಹತ್ತರ ಬುಡದಲ್ಲಿ ಇದ್ದರೆ ಹೆಚ್ಚು. ಒಂದು ಕಾಲು ಮೇಲೆ, ಒಂದು ಕೆಳಗೆ. ಮೇಲಿನಿಂದ ನೋಡಿದರೆ ಒಣ ಎಲೆ, ಗಟ್ಟಿ ನೆಲ ಅನಿಸುತ್ತದೆ. ಎಲೆಯ ಕೆಳಗೆ ಮೆತ್ತನೆ ಮಣ್ಣು. ಮಾರ್ಚಿಯಲ್ಲಿ ಹೂ ಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ, ಬಿದ್ದ ಮರುದಿನ ಕೇಳಲೇಬೇಡಿ. ಸಿಲ್ವರ್ ಮರ ದುಂಡಗೆ, ಏಣಿಯ ತುದಿಯ ಪಟ್ಟಿ ನೇರ. ಆ ನೇರ ಪಟ್ಟಿ ದುಂಡು ಮರವನ್ನು ಒಂದೇ ಒಂದು ಕಡೆ ಮುಟ್ಟುತ್ತದೆ, ಅಲ್ವಾ? ಕೆಳಗೆ ಒಂದು ಕಾಲು ಎರಡು ಬೆರಳು ಇಳಿದರೆ ಸಾಕು, ಮೇಲೆ ಏಣಿ ಮರವನ್ನು ಸುತ್ತಿಕೊಂಡು ಪಕ್ಕಕ್ಕೆ ಜಾರುತ್ತದೆ.

ನನಗೆ ಹಾಗೇ ಆಯಿತು. ಹದಿನಾಲ್ಕು ಅಡಿ ಮೇಲಿದ್ದೆ. ಸೊಂಟದ ಚೀಲ ಮುಕ್ಕಾಲು ತುಂಬಿತ್ತು. ಏಣಿಯ ಬಲಗಾಲು ಮಣ್ಣಿಗೆ ಇಳಿಯಿತು, ಏಣಿ ನಿಧಾನಕ್ಕೆ ಬಲಕ್ಕೆ ತಿರುಗಿತು. ನಾನು ಮರವನ್ನೂ ಬಳ್ಳಿಯನ್ನೂ ಸೇರಿಸಿ ತಬ್ಬಿಕೊಂಡೆ. ಏಣಿ ಕೆಳಗೆ ಕಾಫಿ ಗಿಡದ ಮೇಲೆ ಬಿದ್ದು ಅದರ ಎರಡು ಒಳ್ಳೆ ರೆಕ್ಕೆ (ಕೊಂಬೆ) ಮುರಿಯಿತು. ಕೆಲಸದವನು ಬಂದು ಏಣಿ ಎತ್ತಿ ನಿಲ್ಲಿಸುವವರೆಗೆ ನಾನು ಅಲ್ಲೇ ಇದ್ದೆ. ಮೊಣಕೈಯಿಂದ ಅಂಗೈವರೆಗೆ ಸಿಲ್ವರ್ ತೊಗಟೆಯ ಗೀರು. ಹಬ್ಬಿ ಹತ್ತು ವರ್ಷವಾದ ಬಳ್ಳಿ ಮರದಿಂದ ಒಂದು ಮಾರು ಕಿತ್ತು ಬಂದಿತ್ತು. ಅದನ್ನು ನೋಡಿ ಕೈ ಉರಿಗಿಂತ ಜಾಸ್ತಿ ಹೊಟ್ಟೆ ಉರಿಯಿತು.

ಆಮೇಲೆ ರಿಪೇರಿಗಳು. ಮೊದಲು ಕಾಲಿನ ಕೆಳಗೆ ಕಲ್ಲು ಇಟ್ಟೆವು, ಕಲ್ಲು ಜಾರಿತು. ಪ್ರತಿ ಮರಕ್ಕೂ ಗುದ್ದಲಿಯಲ್ಲಿ ಮೇಲಿನ ಕಾಲಿಗೆ ಒಂದು ಚಿಕ್ಕ ಮೆಟ್ಟಿಲು ತೋಡಿದೆವು. ಇದು ಕೆಲಸ ಮಾಡುತ್ತದೆ, ಆದರೆ ದಿನಕ್ಕೆ ಎಷ್ಟು ಮರ ಅಂತ ತೋಡುವುದು? ಜೊತೆಗೆ ಮರದ ಬುಡದಲ್ಲಿ ಬಳ್ಳಿಯ ಬೇರು ಇರುತ್ತದೆ, ಅದಕ್ಕೆ ಗುದ್ದಲಿ ತಾಗಿದರೆ ಬಳ್ಳಿಗೇ ಕೇಡು.

ತುದಿಗೆ ವಿ ಆಕಾರದ ಪಟ್ಟಿ ಹಾಕಿದರೆ ಮರವನ್ನು ಎರಡು ಕಡೆ ಹಿಡಿಯುತ್ತದೆ ಅಂತ ಯೋಚಿಸಿ ಗೋಣಿಕೊಪ್ಪ ಪೇಟೆಗೆ ಏಣಿ ಹೊತ್ತುಕೊಂಡು ಹೋದೆ. ಮಾಮೂಲಿ ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಅಂಟುವುದಿಲ್ಲ, ಅದಕ್ಕೆ ಆರ್ಗಾನ್ ಗ್ಯಾಸ್ ವೆಲ್ಡಿಂಗ್ ಬೇಕು. ಡ್ರಿಲ್ ಹಾಕಿ ಬೋಲ್ಟ್ ಬಿಗಿಯಬಹುದು, ಆದರೆ ತೂತು ಹಾಕಿದ ಕಡೆ ಪೈಪು ಸೊರಗುತ್ತದೆ. ಕೊನೆಗೆ ಕಬ್ಬಿಣದ ಪಟ್ಟಿಯನ್ನು ವಿ ಆಕಾರಕ್ಕೆ ಬಗ್ಗಿಸಿಕೊಂಡು, ಎರಡು ಯು ಕ್ಲಾಂಪಿನಲ್ಲಿ ತುದಿಯ ಮೆಟ್ಟಿಲಿಗೆ ಬಿಗಿದು, ಮೇಲೆ ಹಳೆ ಸೈಕಲ್ ಟ್ಯೂಬ್ ಸುತ್ತಿದೆ. ಒಟ್ಟು ಖರ್ಚು 400 ರೂಪಾಯಿ ಒಳಗೆ. ಈಗಾಗಲೇ ಅಲ್ಯೂಮಿನಿಯಂ ಏಣಿ ಇರುವವರು ಇದನ್ನು ಖಂಡಿತ ಮಾಡಿಕೊಳ್ಳಿ, ಬಳ್ಳಿ ಜಜ್ಜುವುದೂ ಕಮ್ಮಿಯಾಗುತ್ತದೆ. ತುದಿ ತಿರುಗುವುದು ಮುಕ್ಕಾಲು ಪಾಲು ನಿಂತಿತು. ಕಾಲು ಹೂತುಹೋಗುವುದು ಮಾತ್ರ ಹಾಗೇ ಉಳಿಯಿತು.

ಬಿದಿರಿನ ಏಣಿಗೆ ಒಂದೇ ಕಾಲು. ಬುಡವನ್ನು ಕತ್ತಿಯಲ್ಲಿ ಸ್ವಲ್ಪ ಚೂಪು ಮಾಡಿದರೆ ಮಣ್ಣಿಗೆ ಕಚ್ಚಿಕೊಳ್ಳುತ್ತದೆ, ಇಳಿಜಾರೋ ಸಮನೋ ಅದಕ್ಕೆ ಲೆಕ್ಕವೇ ಇಲ್ಲ. ಮೆಟ್ಟಿಲು ಅಂದರೆ ಬಿದಿರಿನದೇ ಕೊಂಬೆಯ ಬುಡ, ನಾಲ್ಕೈದು ಇಂಚು ಬಿಟ್ಟು ಕಡಿದದ್ದು. ಒಂದು ಗಿಣ್ಣಿಗೆ ಬಲಕ್ಕೆ, ಮುಂದಿನ ಗಿಣ್ಣಿಗೆ ಎಡಕ್ಕೆ. ನಾವು ಹತ್ತುವುದೂ ಬಲಗಾಲು, ಎಡಗಾಲು ಅಂತಲೇ ತಾನೆ. ಬಿದಿರು ಮರಕ್ಕೆ ಒತ್ತಿಕೊಂಡು ನಿಲ್ಲುವುದರಿಂದ ಬಳ್ಳಿಯ ಒಳಗೆ ಸಲೀಸಾಗಿ ನುಗ್ಗುತ್ತದೆ, ತೆನೆ ಉದುರಿಸುವುದಿಲ್ಲ.

ಒಂದು ಎಚ್ಚರ ಬೇಕು. ಕಟ್ಟದಿದ್ದರೆ ಇದೂ ಉರುಳುತ್ತದೆ. ಎದೆಮಟ್ಟದಲ್ಲಿ ಮರಕ್ಕೆ ಸೇರಿಸಿ ಒಂದು ಕಟ್ಟು, ಮೇಲೆ ಹತ್ತಿದ ಮೇಲೆ ಇನ್ನೊಂದು ಕಟ್ಟು. ತೆಂಗಿನ ನಾರಿನ ಹಗ್ಗ ಬಳಸಿ, ನೈಲಾನ್ ಬಿದಿರಿನ ಮೇಲೆ ಜಾರುತ್ತದೆ.

ಒಳ್ಳೆ ಬಿದಿರು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಹೊಳೆಯುವ ಹಸಿರು, ಮೈಮೇಲೆ ಬಿಳಿ ಪುಡಿ ಇದ್ದರೆ ಅದು ಎಳೆಯದು, ಮುಟ್ಟಬೇಡಿ. ಮೂರು ವರ್ಷ ದಾಟಿದ್ದಕ್ಕೆ ಬಣ್ಣ ಮಂಕಾಗಿ ಬೂದು ಕಲೆ ಬಂದಿರುತ್ತದೆ, ಕತ್ತಿಯ ಹಿಂಬದಿಯಲ್ಲಿ ಬಡಿದರೆ ಗಟ್ಟಿ ಸದ್ದು ಬರುತ್ತದೆ. ಮಳೆಗಾಲ ಮುಗಿದ ಮೇಲೆ ಕಡಿಯಬೇಕು. ಅಮಾವಾಸ್ಯೆ ಹತ್ತಿರ ಕಡಿದರೆ ಕುಟ್ಟೆ ಬರಲ್ಲ ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ನಾನು ಹಾಗೇ ಕಡಿಯುತ್ತೇನೆ, ಜೊತೆಗೆ ಎರಡು ಮೂರು ವಾರ ತೋಡಿನ ನೀರಿನಲ್ಲಿ ಮುಳುಗಿಸಿಯೂ ಇಡುತ್ತೇನೆ. ಬಿದಿರಿನ ಒಳಗಿನ ಹಿಟ್ಟಿನಂಶ ನೀರಿಗೆ ಹೋದರೆ ಕುಟ್ಟೆ ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ಆಮೇಲೆ ನೆರಳಿನಲ್ಲಿ ಒಣಗಿಸುವುದು.

ಬಾಳಿಕೆ ಎರಡು ಸೀಸನ್, ಅಷ್ಟೇ. ಮೂರನೆಯದಕ್ಕೆ ಆಸೆ ಪಡಬೇಡಿ. ಪ್ರತಿ ಸೀಸನ್ನಿಗೆ ಮೊದಲು ಎರಡು ಕಲ್ಲಿನ ಮೇಲೆ ಅಡ್ಡ ಮಲಗಿಸಿ ನಡುವೆ ನಿಂತು ನೋಡುತ್ತೇನೆ. ಕೊಂಬೆಯ ಬುಡ ಒಂದೊಂದನ್ನೂ ತುಳಿದು ನೋಡುತ್ತೇನೆ. ಹಳದಿ ಪುಡಿ ಉದುರಿದರೆ ಬಚ್ಚಲ ಒಲೆಗೆ.

ಫೈಬರ್ ಏಣಿ ಒಳ್ಳೆಯದೇ, ಆದರೆ ಅದೇ ಉದ್ದದ ಅಲ್ಯೂಮಿನಿಯಂಗಿಂತ ಭಾರ, ಬೆಲೆ ಹತ್ತಿರ ಹತ್ತಿರ ಎರಡರಷ್ಟು. ಬಿಸಿಲಿಗೆ ಬಿಟ್ಟರೆ ವರ್ಷಗಳಲ್ಲಿ ಮೇಲ್ಪದರ ಸವೆದು ನಾರು ಏಳುತ್ತದೆ, ಮೈಗೆ ತಾಗಿದರೆ ತುರಿಕೆ. ಅದಕ್ಕೂ ಎರಡೇ ಕಾಲು.

ಫೈಬರ್ ತಂದು ನೋಡಿದ್ದಕ್ಕೆ ಕಾರಣ ಕರೆಂಟ್ ಲೈನ್. ನಮ್ಮ ತೋಟದ ಒಂದು ಮೂಲೆಯಲ್ಲಿ 11 ಕೆವಿ ತಂತಿ ಹಾದುಹೋಗುತ್ತದೆ. ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಕಾರ್ಮಿಕರು ಸತ್ತ ಸುದ್ದಿ ಕೊಡಗಿನಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಓದಿದಾಗಲೆಲ್ಲ ನನಗೆ ಆ ಮೂಲೆ ಕಣ್ಣಿಗೆ ಬರುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಏಣಿ ಮಲಗಿಸಲು ಬೇಜಾರಾಗಿ ನೆಟ್ಟಗೆ ಹಿಡಿದುಕೊಂಡೇ ನಡೆಯುವ ಅಭ್ಯಾಸ ಎಲ್ಲರಿಗೂ ಇದೆ. ಕೊಯ್ಯುವವನ ಕಣ್ಣು ಬಳ್ಳಿಯ ಮೇಲೆ ಇರುತ್ತದೆ, ತಂತಿಯ ಮೇಲಲ್ಲ. ದಯವಿಟ್ಟು ಏಣಿ ಮಲಗಿಸಿಯೇ ಒಯ್ಯಿರಿ. ಬಿದಿರು ಇದ್ದರೆ ಭಯವಿಲ್ಲ ಅಂತಲೂ ಅಂದುಕೊಳ್ಳಬೇಡಿ, ಹಸಿ ಬಿದಿರು, ಮಂಜಿನಲ್ಲಿ ಒದ್ದೆಯಾದ ಬಿದಿರು ಕರೆಂಟ್ ಹಾಯಿಸುತ್ತದೆ. ಫೈಬರ್ ಕೂಡ ಒದ್ದೆಯಾಗಿ ಕೊಳೆ ಹಿಡಿದಿದ್ದರೆ ನಂಬುವ ಹಾಗಿಲ್ಲ. ಲೈನಿನ ಕೆಳಗಿನ ಆರು ಮರದ ಬಳ್ಳಿಯನ್ನು ನಾನು ನೆಲದಲ್ಲಿ ನಿಂತು ಕೈಗೆ ಎಟುಕುವಷ್ಟಕ್ಕೇ ನಿಲ್ಲಿಸಿದ್ದೇನೆ. ಅಲ್ಲಿ ಯಾವ ಏಣಿಯೂ ಇಲ್ಲ.

ಮುನ್ನೂರು ಎಕರೆ ತೋಟ, ಸಮನಾದ ನೆಲ, ಇಪ್ಪತ್ತು ಜನ ಕೊಯ್ಯುವವರು ಇದ್ದರೆ ವರ್ಷ ವರ್ಷ ಬಿದಿರು ಹುಡುಕುವುದು ಆಗದ ಮಾತು, ಅವರು ವಿ ಪಟ್ಟಿ ಹಾಕಿದ ಅಲ್ಯೂಮಿನಿಯಂ ತೆಗೆದುಕೊಳ್ಳಲಿ. ನಮ್ಮಲ್ಲಿ ಬೇಲಿ ಸಾಲಿನಲ್ಲೇ ಒಂದು ಬಿದಿರು ಮೆಳೆ ಇದೆ. ಕಡಿದು ಸವರಲು ಒಬ್ಬರ ಅರ್ಧ ದಿನದ ಕೂಲಿ, ಖರ್ಚು ಅಲ್ಲಿಗೆ ಮುಗಿಯಿತು.

11,000 ರೂಪಾಯಿಯ ಏಣಿ ಈಗ ಮನೆ ಹತ್ತಿರ ಇದೆ. ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಬಂಡೆಯ ಹಾಗೆ ನಿಲ್ಲುತ್ತದೆ. ಮೇ ತಿಂಗಳಲ್ಲಿ ಮಾಡಿನ ಮಳೆನೀರಿನ ದಂಬೆಯಿಂದ ಎಲೆ ತೆಗೆಯುವುದಕ್ಕೆ ಅದೇ ಬೇಕು. ತೋಟಕ್ಕೆ ಎರಡು ಹೊಸ ಬಿದಿರು ಗುರುತು ಮಾಡಿಟ್ಟಿದ್ದೇನೆ, ತುಲಾ ಸಂಕ್ರಮಣ ಕಳೆದು ಮಳೆ ಬಿಟ್ಟ ಮೇಲೆ ಕಡಿಯುವುದು.